ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಗೊಬ್ಬಳಿಪಾಳ್ಯ

೧
ಬಸ್ಸಿನಿಂದ ಶುರು ಮಾಡೋಣವೆಂದರೆ ಈ ಊರಿಗೆ ಬಸ್ಸೇ ಇಲ್ಲ. ಜನರಿಂದ ಶುರು ಮಾಡೋಣವೆಂದರೆ ಜನವೂ ಕಡಿಮೆ. ಓದುಗರೇ, ನಿಮ್ಮನ್ನು ಎಲ್ಲಿಂದ ಹತ್ತಿಸಿಕೊಳ್ಳಲಿ?

(ಮೊದಲ ಡ್ರಾಫ್ಟಿನಲ್ಲಿ ಸೂರ್ಯೋದಯವಿತ್ತು. ಹರಿದು ಹಾಕಿದೆ. ಸೂರ್ಯ ಎಲ್ಲ ಊರಿಗೂ ಬರುತ್ತಾನೆ, ಅದರಲ್ಲಿ ಕಥೆಯೇನಿದೆ?)

೨
ರುದ್ರಮ್ಮನಿಂದಲೇ ಶುರು ಮಾಡುತ್ತೇನೆ. ಕನಕಪುರ ರಸ್ತೆಯಲ್ಲಿ ಬಸ್ಸಿಳಿದು, ನೀಲಗಿರಿ ತೋಪು ದಾಟಿ, ಬಹಳ ಹೊತ್ತು ನಡೆದರೆ ಸಿಗುವ ಗೊಬ್ಬಳಿಪಾಳ್ಯದ ಅಂಗನವಾಡಿ ಟೀಚರು. ಮಗಳು ಭಾಗ್ಯಜ್ಯೋತಿ ಜಯನಗರದ ಕಾಲೇಜಿನಲ್ಲಿ ಮೊದಲ ಪಿಯುಸಿ. ಇಸವಿ ೨೦೦೧.

ಒಂದು ಸಂಜೆ ತೋಪಿನಲ್ಲಿ ಇಬ್ಬರು ಬೈಕಿನಲ್ಲಿ ಭಾಗ್ಯಳನ್ನು ಹಿಂಬಾಲಿಸಿದರು. ಅವಳು ಚಪ್ಪಲಿ ಬಿಟ್ಟು ಓಡಿ ಮನೆ ಸೇರಿದಳು. ಅಪ್ಪ ಬೋರಣ್ಣ ಆ ರಾತ್ರಿ ಊಟ ಮಾಡಲಿಲ್ಲ.

"ಸಾಕು ಕಾಲೇಜು. ಯುಗಾದಿ ಕಳೀಲಿ, ಗಂಡು ನೋಡ್ತೀನಿ."

"ಅವ್ಳೇನ್ ತಪ್ಪು ಮಾಡಿದ್ಲು?" ಎಂದಳು ರುದ್ರಮ್ಮ.

"ತಪ್ಪು ಯಾರ್ದಾದ್ರೂ ಆಗ್ಲಿ, ಓಡಿದ್ದು ನನ್ ಮಗ್ಳು."

೩
ಬನಶಂಕರಿ ಬಸ್‌ಸ್ಟ್ಯಾಂಡಿನ ಸಾರಿಗೆ ಕಚೇರಿಯಲ್ಲಿ ರಾಮಪ್ರಸಾದ ಎಂಬ ಅಧಿಕಾರಿ ಇದ್ದರು. ಕೆಟ್ಟವರಲ್ಲ. (ಕೆಟ್ಟವರಾಗಿದ್ದರೆ ಬರೆಯುವುದು ಸುಲಭವಿತ್ತು.) ಊರಿಗೆ ಬಸ್ ಕೇಳಲು ಬಂದ ರುದ್ರಮ್ಮನನ್ನು ಕೂರಿಸಿ, ನೀರು ಕೊಟ್ಟು ಹೇಳಿದರು:

"ನಿಮ್ಮೂರಲ್ಲಿ ಜನಾನೇ ಇಲ್ವಲ್ಲಮ್ಮ. ಬಸ್ ಯಾರಿಗ್ ಬಿಡೋಣ?"

"ಬಸ್ಸಿಲ್ಲ ಅಂತ್ಲೇ ಜನ ಊರು ಬಿಟ್ರು ಸಾರ್."

"ಅವ್ರು ಇದ್ದಿದ್ರೆ ಬಿಡ್ತಿದ್ವಿ."

ಇಲ್ಲಿ ರುದ್ರಮ್ಮ ಅತ್ತಳೆಂದು ಬರೆದೆ. ಅವಳು ಒಪ್ಪಲಿಲ್ಲ.

"ನಾನ್ ಯಾಕ್ ಅಳ್ಬೇಕು ಸಾರ್?"

"ಕಥೆಗೆ ಸ್ವಲ್ಪ ಎಫೆಕ್ಟ್ ಇರುತ್ತಮ್ಮ."

"ಎಫೆಕ್ಟ್ ಬೇಕಾದ್ರೆ ನೀವೇ ಅಳಿ. ನಂಗೆ ಚಿಕ್ಕಲಸಂದ್ರಕ್ಕೆ ಹೋಗೋದಿದೆ."

೪
ಹೋದಳು. ಚಿಕ್ಕಲಸಂದ್ರ, ಮಡಿವಾಳ, ಬಿಟಿಎಂನ ಹಿಂದಿನ ಗಲ್ಲಿಗಳು. ಊರು ಬಿಟ್ಟವರು ಒಂದೊಂದು ರೂಮಿನಲ್ಲಿ ನಾಲ್ಕೈದು ಮಂದಿ ಇದ್ದರು. ಕೆಲವರು ಬಾಗಿಲಲ್ಲೇ ಮಾತಾಡಿ ಕಳಿಸಿದರು. ಕೆಲವರು ಕಾಫಿ ಕೊಟ್ಟು, ಊರ ಸುದ್ದಿ ಕೇಳಿ ಕಣ್ಣೊರೆಸಿಕೊಂಡರು. ಎಲ್ಲರಿಗೂ ಅವಳದು ಒಂದೇ ಮಾತು: ಸೋಮವಾರ ಬೆಳಗ್ಗೆ ಬನಶಂಕರಿ ಬಸ್‌ಸ್ಟ್ಯಾಂಡಿಗೆ ಬನ್ನಿ.

"ಹುಚ್ಚಾ ನಿಂಗೆ? ಯಾರ್ ಬರ್ತಾರೆ?" ಎಂದ ಬೋರಣ್ಣ.

ಸೋಮವಾರ ಬೆಳಗ್ಗೆ ಬಂದರು. ಗಾರ್ಮೆಂಟ್ಸಿನವರು, ಆಟೋ ಓಡಿಸುವವರು, ಸೆಕ್ಯೂರಿಟಿ ಯೂನಿಫಾರ್ಮಿನವರು, ಕಂಕುಳಲ್ಲಿ ಕೂಸಿದ್ದವರು ಅರ್ಧ ದಿನ ರಜೆ ಹಾಕಿ ಬಸ್‌ಸ್ಟ್ಯಾಂಡಿನ ಒಂದು ಮೂಲೆ ತುಂಬಿ ನಿಂತರು. ಬಹಳ ವರ್ಷಗಳ ನಂತರ ಒಬ್ಬರನ್ನೊಬ್ಬರು ನೋಡಿದವರು ಅಲ್ಲೇ ಮದುವೆಮನೆಯ ಹಾಗೆ ಗಲಾಟೆ ಶುರುಮಾಡಿದರು.

ರಾಮಪ್ರಸಾದ ಹೊರಗೆ ಬಂದರು. "ಯಾರಮ್ಮ ಇವ್ರೆಲ್ಲ?"

"ಗೊಬ್ಬಳಿಪಾಳ್ಯದ ಜನ ಸಾರ್. ಇಲ್ಲ ಅಂದ್ರಲ್ಲ."

ಗಾರ್ಮೆಂಟ್ಸಿನ ಸಿದ್ದಗಂಗಮ್ಮ ಮುಂದೆ ಬಂದಳು. "ಬಸ್ ಬಂದ್ರೆ ನಾನು ಊರಿಂದ್ಲೇ ಓಡಾಡ್ತೀನಿ ಸಾರ್. ನನ್ ಮಗು ಅಜ್ಜಿ ಹತ್ರ ಐತೆ. ನನ್ನ ನೋಡಿದ್ರೆ ಅಳುತ್ತೆ, ಗುರುತೇ ಇಲ್ಲ."

ರಾಮಪ್ರಸಾದ ಕೂಸಿದ್ದವರನ್ನು ನೆರಳಿಗೆ ಕರೆದು ನಿಲ್ಲಿಸಿದರು. ಆಮೇಲೆ, "ಮೂರು ತಿಂಗ್ಳು ಟ್ರಯಲ್. ಬೆಳಗ್ಗೆ ಒಂದು, ಸಂಜೆ ಒಂದು. ಸೀಟು ಖಾಲಿ ಓಡಿದ್ರೆ ಮಾತ್ರ ನನ್ ಕೈಲಿ ಏನೂ ಆಗಲ್ಲ."

೫
ಈಗ ಮುಕ್ತಾಯ.

ಅ) ಎಲ್ಲರೂ ಊರಿಗೆ ವಾಪಸ್. ಸಖತ್ ಖುಷಿ. ("ಸುಳ್ಳು," ಎಂದಳು ರುದ್ರಮ್ಮ. "ಸಿದ್ದಗಂಗಮ್ಮ ಬಂದ್ಲು, ಇನ್ನೊಂದು ಮನೆಯವ್ರು ಬಂದ್ರು. ಉಳಿದವ್ರು ಯೋಚ್ನೆ ಮಾಡ್ತಿದಾರೆ.")

ಆ) ಬಸ್ ನಿಂತಿತು, ಭಾಗ್ಯಳ ಮದುವೆಯಾಯಿತು. ("ಅದನ್ನ ಬರೆದ್ ನೋಡಿ, ನಿಮ್ಮನೆಗೇ ಬರ್ತೀನಿ.")

ಹಾಗಾಗಿ ಎರಡನ್ನೂ ಬಿಟ್ಟು, ನಡೆದದ್ದನ್ನು ಹೇಳುತ್ತೇನೆ. ಮೊದಲ ವಾರ ಬಸ್ಸಿನಲ್ಲಿ ಖಾಲಿ ಸೀಟುಗಳೇ ಹೆಚ್ಚು. ಭಾಗ್ಯ ದಿನಾ ಕಿಟಕಿ ಪಕ್ಕ ಕೂತು ಹಿಂದೆ ತಿರುಗಿ ನೋಡುವಳು, ಯಾರಾದರೂ ಹತ್ತಿದರೇ ಎಂದು. ಮುಂದಿನ ಸೋಮವಾರ ಬೋರಣ್ಣ ಒಗೆದ ಅಂಗಿ ಹಾಕಿಕೊಂಡು ಬಂದು ಅವಳ ಪಕ್ಕ ಕೂತ.

"ಎಲ್ಲಿಗ್ ಅಪ್ಪ?" ಎಂದಳು ಭಾಗ್ಯ.

"ಬನಶಂಕರಿಗೆ."

"ಏನ್ ಕೆಲ್ಸ?"

"ಏನೂ ಇಲ್ಲ. ಹೋಗಿ ಬರ್ತೀನಿ. ಒಂದ್ ಸೀಟಾದ್ರೂ ತುಂಬ್ಲಿ."

ಮರುದಿನ ಅವನ ಜೊತೆ ಇನ್ನಿಬ್ಬರು ಯಜಮಾನರು ಹತ್ತಿದರು. ಅವರಿಗೂ ಬನಶಂಕರಿಯಲ್ಲಿ ಯಾವ ಕೆಲಸವೂ ಇರಲಿಲ್ಲ.

ಟ್ರಯಲ್ ಮುಗಿಯುವವರೆಗೆ ಬರೆದರೆ ಉತ್ತರ ಹೇಳಬೇಕಾಗುತ್ತದೆ. ನಾನು ಬರೆಯುವುದಿಲ್ಲ. ಬಸ್ ಈಗ ತೋಪು ದಾಟುತ್ತಿದೆ, ಭಾಗ್ಯ ಅಪ್ಪನ ಭುಜಕ್ಕೊರಗಿ ಕೆಮಿಸ್ಟ್ರಿ ಓದುತ್ತಿದ್ದಾಳೆ. ಹಿಂದೆ ಸೀಟಿದೆ, ಬನ್ನಿ.