ಸಾಹೇಬರ ಕಕ್ಕಸಿನ ಬೀಗ

"ಸತ್ತೋನ ಹೆಲ್ಮೆಟ್ ಇಟ್ಕೊಂಡು ಏನ್ ಮಾಡ್ತಾಳಂತೆ? ಅನ್ನ ಬಸೀತಾಳಂತಾ? ಬೂಟಲ್ಲಿ ಈರುಳ್ಳಿ ತುಂಬಿಡ್ತಾಳಂತಾ?"

ಬಾಗಿಲಲ್ಲಿ ನಿಂತು ಇಷ್ಟು ಹೇಳಿ ಫೋರ್‌ಮನ್ ಕರವಸ್ತ್ರದಿಂದ ಮುಖ ಒರೆಸಿಕೊಂಡರು.

"ಇದು ಸಾಹೇಬ್ರ ಮಾತು ಕಣಮ್ಮ. ಹೀಗೇ ಹೇಳು ಅಂದ್ರು, ಹೀಗೇ ಹೇಳ್ದೆ. ನನ್ನ ಮಾತು ಬೇರೆ ಇದೆ."

ನಾನು ಕಾದೆ. ಅವರ ಮಾತು ಬರಲಿಲ್ಲ.

ಗಂಡನ ಮಣ್ಣು ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು ಅದು. ಎಂದಿನಂತೆ ನಲ್ಲಿಯಲ್ಲಿ ನೀರು ಬಂದಿತ್ತು. ಎಂದಿನಂತೆ ಅಡುಗೆಮನೆಯ ದೀಪ ಆರಿತ್ತು. "ಯಾರೋ ಬಂದ್ರು ನೋಡೇ" ಎಂದು ಕತ್ತಲೊಳಗಿಂದ ಅತ್ತೆ ಕೂಗಿದ್ದರು. ನಮ್ಮ ಮನೆಯ ಕರೆಗಂಟೆ ಒತ್ತಿದರೆ ಗಂಟೆ ಬಡಿಯುವುದಿಲ್ಲ, ಅಡುಗೆಮನೆಯ ದೀಪ ಆರುತ್ತದೆ. ಸಾಬೂನು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಎಲೆಕ್ಟ್ರಿಷಿಯನ್ ಆಗಿ ಸೇರಿದ ಹೊಸತರಲ್ಲಿ ನನ್ನ ಗಂಡ ಅಭ್ಯಾಸಕ್ಕೆಂದು ಮಾಡಿದ ವೈರಿಂಗ್ ಅದು. ಸರಿ ಮಾಡ್ತೀನಿ ಅನ್ನುತ್ತಲೇ ಇದ್ದ.

ಹೆಲ್ಮೆಟ್ಟು, ಬೂಟು, ಟೆಸ್ಟರು ತಂದಿಟ್ಟೆ. ಫೋರ್‌ಮನ್ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ದನಿ ತಗ್ಗಿಸಿದರು.

"ಒಂದು ಬೀಗ ಏನಾದ್ರೂ..."

"ಯಾವ ಬೀಗ?"

ಅಷ್ಟರಲ್ಲಿ ಅಕ್ಕಿಗೆಂದು ಡಬ್ಬಕ್ಕೆ ಕೈ ಹಾಕಿದ್ದ ಅತ್ತೆ ಒಳಗಿಂದ ಕೂಗಿದರು. "ಅಕ್ಕಿ ಡಬ್ಬದಲ್ಲಿ ಬೀಗ ಇಟ್ಟಿದಾನಲ್ಲೇ ಇವನು, ಮುಂಡೇಮ..."

ಬೈಗುಳ ಅರ್ಧಕ್ಕೆ ನಿಂತಿತು. ಅತ್ತೆಯೂ ಗಂಡನಿಲ್ಲದವರು. ಹಿತ್ತಾಳೆಯ ದಪ್ಪ ಬೀಗವನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದರು. ಆಮೇಲೆ ನಕ್ಕುಬಿಟ್ಟರು. ನನಗೂ ನಗು ಬಂತು. ಫೋರ್‌ಮನ್ ಮಾತ್ರ ಹೊಸ್ತಿಲ ಮೇಲೆ ಕುಸಿದು ಕೂತರು. ಬೀಗದ ಮೇಲೆ ಕಂಪನಿಯ ಮೊಹರು, ಬೀಗದಲ್ಲೇ ಕೀಲಿ.

"ಸಾಹೇಬ್ರ ಕಕ್ಕಸಿಂದು" ಅಂದರು.

ಆಮೇಲೆ ಅವರ ಮಾತು ಬಂತು. ಯಂತ್ರದೊಳಗೆ ಇಳಿಯುವವನು ಮೊದಲು ಮೇನ್ ಸ್ವಿಚ್ ಆರಿಸಿ, ಅದಕ್ಕೆ ಬೀಗ ಜಡಿದು, ಕೀಲಿ ತನ್ನ ಜೇಬಿಗೆ ಹಾಕಿಕೊಳ್ಳಬೇಕು. ಹೊರಗಿನವರು ಯಾರೂ ಕರೆಂಟು ಹಾಕದಂತೆ. ಆದರೆ ಕಂಪನಿ ಬೀಗ ಕೊಡುವುದಿಲ್ಲ. ಕೆಲಸ ನಡೆಯುತ್ತಿದೆ ಎಂದು ಬರೆದು ಹಗ್ಗ ಕಟ್ಟಿದ ಒಂದು ರಟ್ಟಿನ ಬೋರ್ಡು ಕೊಡುತ್ತದೆ. ಮನೆಯ ಬೀಗ ತಂದವನೊಬ್ಬನನ್ನು ಸಾಹೇಬರು ಕೆಲಸದಿಂದ ತೆಗೆದರು. ಕಂಪನಿ ಸ್ವಿಚ್ಚಿಗೆ ಕಂಪನಿ ಬೀಗವನ್ನೇ ಹಾಕಬೇಕು. ಇಡೀ ಕಾರ್ಖಾನೆಯಲ್ಲಿ ಮೊಹರಿರುವ ಬೀಗ ಒಂದೇ. ಅಪ್ರೆಂಟಿಸುಗಳ ಕುಂಡೆ ತಾಗದಿರಲಿ ಎಂದು ಅದು ಸಾಹೇಬರ ಕಕ್ಕಸಿನ ಬಾಗಿಲಿಗಿತ್ತು.

"ಗುಡಿಸೋ ಅಕ್ಕನ ಹತ್ರ ಒಂದು ಕೀಲಿ ಇರುತ್ತೆ. ತೊಳೆಯೋಕೆ ಕೊಟ್ಟಿರೋದು, ಕೂರೋಕಲ್ಲ. ನಿಮ್ಮ ಹುಡುಗ ಅವಳನ್ನ ಕೇಳ್ಕೊಂಡು ದಿನಾ ಬೀಗ ಎರವಲು ತಗೊಳ್ಳೋನು. ಸಾಹೇಬ್ರು ಚಹಾ ಆದ್ಮೇಲೇ ಒಳಗೆ ಹೋಗೋದು. ಅಷ್ಟರಲ್ಲಿ ಕೆಲಸ ಮುಗಿಸಿ ವಾಪಸ್ ನೇತುಹಾಕೋನು. ಅವರ ಹೊಟ್ಟೆ ನೆಟ್ಟಗಿದ್ರೆ ನಮ್ಮ ಜೀವ ನೆಟ್ಟಗೆ."

ಒಂದು ದಿನ ಸಾಹೇಬರ ಹೊಟ್ಟೆ ಕೆಟ್ಟಿತು. ಚಹಾಕ್ಕೆ ಮುಂಚೆಯೇ ಓಡಿ ಬಂದರು. ಬಾಗಿಲಿಗೆ ಬೀಗವಿಲ್ಲ, ಒಳಗೆ ಲಾರಿ ಡ್ರೈವರ್ ಕೂತು ಹಾಡು ಹೇಳುತ್ತಿದ್ದ. ಎಲ್ಲರ ಚೀಲ ತಡಕಬೇಕೆಂದು ಆಜ್ಞೆಯಾಯಿತು. ಅಂದು ಸಂಜೆ ನನ್ನ ಗಂಡ ಬೀಗವನ್ನು ಬುತ್ತಿಯಲ್ಲಿ ಹುದುಗಿಸಿ ಮನೆಗೆ ತಂದ. ಮಾರನೇ ದಿನ ಸ್ವಿಚ್ಚಿಗೆ ಬೋರ್ಡು ನೇತುಹಾಕಿ ಸಾಬೂನು ಕಲಸುವ ಡ್ರಮ್ಮಿಗಿಳಿದ.

"ನಾನು ಇರ್ಲಿಲ್ಲಮ್ಮ. ಗೇಟಲ್ಲಿ ಚೀಲ ತಡಕ್ತಾ ಇದ್ದೆ, ಈ ಬೀಗಕ್ಕೇ. ಸಾಹೇಬ್ರು ಬಂದ್ರು. ಮಿಷನ್ ಯಾಕೋ ನಿಂತಿದೆ ದರಿದ್ರದೋರೇ ಅಂದು ತಾವೇ ಸ್ವಿಚ್ ಹಾಕಿದ್ರು. ಬೋರ್ಡ್ ಕೆಳಗೆ ಬಿದ್ದಿತ್ತು, ಕಾಣಿಸ್ಲಿಲ್ಲ ಅಂತಾರೆ."

ಅಡುಗೆಮನೆಯ ದೀಪ ಒಮ್ಮೆ ಆರಿ ಮತ್ತೆ ಹತ್ತಿತು. ಗೋಡೆ ಹಿಡಿದು ಏಳುವಾಗ ಫೋರ್‌ಮನ್‌ರ ಕೈ ಕರೆಗಂಟೆಗೆ ತಾಗಿತ್ತು.

"ಬಾವಿಗೆ ಹಾಕಿಬಿಡಿ ಅದನ್ನ" ಅಂದರು. "ಇನ್ನೊಂದು ಮಾತು. ಅವನ ಜಾಗ ಖಾಲಿ ಇದೆ. ಬೇಕಾದ್ರೆ ನೀವು ಸೇರಬಹುದು. ಇದೂ ಸಾಹೇಬ್ರ ಮಾತೇ. ಬಾಯಿ ಮುಚ್ಕೊಂಡು ಇರ್ತಾಳೆ ಅಂದ್ರು."

"ಹೋಗು. ಆ ಗಂಟೆ ಸರಿ ಮಾಡೋಷ್ಟಾದ್ರೂ ಕಲಿ" ಅಂದರು ಅತ್ತೆ.

ನಾನು ಹೋದೆ. ಬೀಗ ನನ್ನ ಬುತ್ತಿಯ ಚೀಲದಲ್ಲಿತ್ತು.

ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಂ.ಎ. ಅಂತೆ?"

"ಹೌದು."

"ಯಾವುದ್ರಲ್ಲಿ?"

"ತತ್ವಶಾಸ್ತ್ರ."

"ಹಾಗಾದ್ರೆ ನನ್ನ ಫೋನ್ ಚಾರ್ಜಿಗೆ ಹಾಕು."

ನನಗೆ ದೊರೆತ ಮೊದಲ ವಿದ್ಯುತ್ ತರಬೇತಿ ಅದು. ಆಮೇಲೆ ಅವರ ಫ್ಯಾನು ಒರೆಸಿದೆ. ಅವರ ಕೆಟಲ್ಲಿನ ಪ್ಲಗ್ ಬದಲಿಸಿದೆ. ಬದಲಿಸಿದ ಮೇಲೆ ಕೆಟಲ್ಲನ್ನು ಮೊದಲು ನೀನೇ ಮುಟ್ಟಿ ನೋಡು ಎಂದರು. "ಇವಳು ನೆಟ್ಟಗಿದ್ರೆ ಕೆಟಲ್ ನೆಟ್ಟಗಿದೆ" ಎಂದು ಎಲ್ಲರೆದುರು ನಕ್ಕರು. ಉಳಿದ ಹೊತ್ತು ಫೋರ್‌ಮನ್ ಹಿಂದೆ ಏಣಿ ಹೊತ್ತು ತಿರುಗಿದೆ. ಅವರು ಕಲಿಸುತ್ತಾ ಬೈಯುತ್ತಿದ್ದರು, ಬೈಯುತ್ತಾ ಕಲಿಸುತ್ತಿದ್ದರು.

"ಎಡಗೈ ಜೇಬಲ್ಲಿ ಇಟ್ಕೊಳಮ್ಮ, ಹಾಳಾಗಿ ಹೋಗ್ತೀಯ. ಕರೆಂಟಿಗೆ ನೀನು ಯಾರ ಮಗಳು, ಯಾವ ಕೇರಿ ಅಂತ ಗೊತ್ತಾಗಲ್ಲ. ಅದಕ್ಕಿರೋ ಒಳ್ಳೆ ಗುಣ ಅದೊಂದೇ."

ಗುಡಿಸುವ ಅಕ್ಕ ಮೊದಲ ದಿನ ನನ್ನನ್ನು ಕಂಡು ಪೊರಕೆ ಗೋಡೆಗೆ ಒರಗಿಸಿದಳು. ನನ್ನ ಏಣಿಯ ಇನ್ನೊಂದು ತುದಿ ಹಿಡಿದಳು. ಅವಳ ಕೈಗೂ ಮಲ್ಲಿಗೆ ಸಾಬೂನಿನ ವಾಸನೆ. ಇಲ್ಲಿ ಎಲ್ಲರೂ ಹಾಗೇ. ನಮ್ಮ ಕಕ್ಕಸಿನಲ್ಲಿ ಮಾತ್ರ ಸಾಬೂನಿಲ್ಲ.

ಒಂದು ಬೆಳಿಗ್ಗೆ ಸಾಹೇಬರು ಡ್ರಮ್ಮಿನ ಪಕ್ಕ ನಿಂತು ನನ್ನನ್ನು ಕರೆಸಿದರು.

"ನಿನ್ನ ಗಂಡ ಕೆಲಸ ಅರ್ಧಕ್ಕೆ ಬಿಟ್ಟು ಹೋಗಿದಾನೆ. ತಳದಲ್ಲಿ ಹೀಟರ್ ವೈರು. ಇಳಿದು ಮುಗಿಸು. ಸಂಜೆಗೆ ಮಿಷನ್ ಓಡಬೇಕು."

ಡ್ರಮ್ಮು ನಮ್ಮ ಅಡುಗೆಮನೆಯಷ್ಟು ದೊಡ್ಡದು. ಒಳಗೆ ಸಾಬೂನು ಕಲಸುವ ಉಕ್ಕಿನ ತೋಳುಗಳು. ಯಾರೋ ಚೆನ್ನಾಗಿ ತೊಳೆದಿದ್ದರು.

"ಬೀಗ ಕೊಟ್ರೆ ಇಳೀತೀನಿ" ಅಂದೆ.

"ಬೀಗ?" ಸಾಹೇಬರು ಸುತ್ತ ನೋಡಿದರು. "ಕೇಳಿದ್ರೇನ್ರೋ? ನನ್ನ ಕಕ್ಕಸಿನ ಬೀಗ ಹಾರಿಸಿದ್ದು ಯಾರು ಅಂತ ನನಗೆ ಗೊತ್ತಿಲ್ವಾ? ಕದಿಯೋ ಮನೆಯೋಳು ಬೀಗ ಕೇಳ್ತಾಳೆ. ಮೊದ್ಲು ನನ್ನ ಬೀಗ ಎಲ್ಲಿತ್ತೋ ಅಲ್ಲಿಗೆ ವಾಪಸ್ ಬರಲಿ, ಆಮೇಲೆ ಮಾತಾಡು. ಬೋರ್ಡ್ ಇದೆಯಲ್ಲ? ಹಾಕ್ಕೊಂಡು ಇಳಿ. ಇಲ್ಲ ಅಂದ್ರೆ ಮನೆಗೆ ನಡಿ, ಇವನನ್ನೂ ಕರ್ಕೊಂಡು."

ಬೆರಳು ಫೋರ್‌ಮನ್ ಕಡೆಗಿತ್ತು.

ಸಾಹೇಬರು ಚಹಾ ಕುಡಿಯಲು ಹೋದರು. ನಾನು ಮೇನ್ ಸ್ವಿಚ್ ಆರಿಸಿದೆ. ಚೀಲದಿಂದ ಬೀಗ ತೆಗೆದಾಗ ಫೋರ್‌ಮನ್ ಕಣ್ಣು ಬಾಗಿಲ ಕಡೆ ಓಡಿತು.

"ಬಾವಿಗೆ ಹಾಕು ಅಂದಿದ್ನಲ್ಲಮ್ಮ. ಸರಿ ಬಿಡು, ಬೇಗ ಸ್ವಿಚ್ಚಿಗೆ ಹಾಕು."

"ಇನ್ನೊಂದು ಕೀಲಿ ಸಾಹೇಬ್ರ ಗೊಂಚಲಲ್ಲಿ ಇದೆಯಲ್ಲ. ಬಂದು ತೆಗೀತಾರೆ."

ಅದು ನಿಜ. ಫೋರ್‌ಮನ್ ತಲೆ ಕೆರೆದುಕೊಂಡರು. ಸ್ವಿಚ್ಚಿಗೆ ತಾನಾಗಿ ಕೈ ಹಾಕುವ ಮನುಷ್ಯ ಕಾರ್ಖಾನೆಯಲ್ಲಿ ಒಬ್ಬನೇ ಇದ್ದ. ಆ ಮನುಷ್ಯ ಚಹಾ ಮುಗಿಸಿ, ಪೇಪರ್ ಮಡಚಿ ಕಂಕುಳಲ್ಲಿಟ್ಟುಕೊಂಡು, ಎಂದಿನ ಗಾಂಭೀರ್ಯದಲ್ಲಿ ಕಾರಿಡಾರ್ ದಾಟಿ ಕಕ್ಕಸಿನೊಳಗೆ ಹೋದ. ಫೋನು ಮೇಜಿನ ಮೇಲೆ ಚಾರ್ಜಿಗಿತ್ತು. ನಾನೇ ಹಾಕಿದ್ದೆ.

ಹೋಗಿ, ಬಾಗಿಲ ಹೊರಚಿಲಕ ಸೇರಿಸಿ, ಬೀಗವನ್ನು ಎಲ್ಲಿತ್ತೋ ಅಲ್ಲಿಗೆ ಹಾಕಿದೆ. ಅದರ ಕೊರಳಿಗೆ ರಟ್ಟಿನ ಬೋರ್ಡು ಕಟ್ಟಿದೆ. ಕೆಲಸ ನಡೆಯುತ್ತಿದೆ, ಮುಟ್ಟಬೇಡಿ. ಕೀಲಿ ಜೇಬಿಗೆ ಹಾಕಿಕೊಂಡು ಬಂದು ಡ್ರಮ್ಮಿಗಿಳಿದೆ.

ಒಳಗೆ ಮಲ್ಲಿಗೆ. ಬ್ಯಾಟರಿ ಹಿಡಿದೆ. ಎರಡು ವೈರುಗಳಲ್ಲಿ ಒಂದನ್ನು ನನ್ನ ಗಂಡ ಸೇರಿಸಿದ್ದ. ಇನ್ನೊಂದರ ತುದಿ ಸುಲಿದು, ಎಳೆಗಳನ್ನು ಹೊಸೆದು ಬಿಟ್ಟಿದ್ದ. ಅಂದವಾಗಿ ಹೊಸೆದಿದ್ದ. ಮನೆಯ ಗಂಟೆ ಮಾಡಿದವನ ಕೈ ಅನ್ನಿಸಲಿಲ್ಲ.

ದೂರದಲ್ಲಿ ಬಾಗಿಲು ಬಡಿದ ಸದ್ದು. ಆಮೇಲೆ ಒದ್ದ ಸದ್ದು.

"ಯಾವನೋ ಅವನು, ತೆಗೀರೋ ಬೋಳಿಮಕ್ಕಳಾ."

"ಸಾಹೇಬ್ರೇ," ಗುಡಿಸುವ ಅಕ್ಕನ ದನಿ. "ಬೋರ್ಡ್ ಇದೆ, ಕೆಲಸ ನಡೀತಿದೆ ಅಂತ. ನನಗೆ ಓದೋಕೆ ಬರಲ್ಲ, ಆದ್ರೂ ಕಾಣ್ಸುತ್ತೆ. ಕಣ್ಣಿರೋರಿಗೆಲ್ಲ ಕಾಣ್ಸುತ್ತೆ."

"ಕೀಲಿ ಯಾರ ಹತ್ರ ಇದೆ ಹೇಳೇ?"

ಫೋರ್‌ಮನ್ ಡ್ರಮ್ಮಿನ ಬಾಯಿಗೆ ಬಗ್ಗಿದರು. ಮೇನ್ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಿದ್ದರು, ಅಲ್ಲಿಂದ ಕದಲದೆ ಕತ್ತು ಮಾತ್ರ ಚಾಚಿ. "ಕೀಲಿ ಯಾರ ಹತ್ರ ಅಂತ ಕೇಳ್ತಾ ಇದಾರೆ ಕಣಮ್ಮ."

"ಒಳಗಿರೋರ ಹತ್ರ. ನೀವೇ ಹೇಳ್ಕೊಟ್ಟಿದ್ದು."

"ಒಳಗಿರೋರ ಹತ್ರ ಅಂತೆ ಸಾಹೇಬ್ರೇ," ಎಂದು ಅವರು ಕೂಗಿ ಹೇಳಿದರು.

ಸದ್ದು ನಿಂತಿತು. ಸಾಹೇಬರು ಜೇಬು ತಡಕುತ್ತಿರಬೇಕು. ಗೊಂಚಲು ಗಲಗಲ ಅಂದದ್ದು ಇಲ್ಲಿಗೂ ಕೇಳಿಸಿತು. ಕೀಲಿ ಅವರ ಹತ್ತಿರವೇ ಇತ್ತು. ಬೀಗ ಬಾಗಿಲ ಆಚೆಗಿತ್ತು. ಎಲ್ಲೋ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಶೆಡ್ಡೇ ನಕ್ಕಿತು.

ವೈರನ್ನು ತೂತಿಗೆ ಕೂರಿಸಿ ಸ್ಕ್ರೂ ತಿರುಗಿಸಿದೆ. ಬಿಗಿಯಾಯಿತು. ಮತ್ತೆ ಅರ್ಧ ಸುತ್ತು ತಿರುಗಿಸಿದೆ.

"ಬಾಗಿಲು ಮುರೀತಾರಂತೆ. ನಮ್ಮನ್ನೆಲ್ಲ ಮನೆಗೆ ಕಳಿಸ್ತಾರಂತೆ" ಅಂದರು ಫೋರ್‌ಮನ್. "ಮುಗೀತಾ?"

ಮುಗಿದಿತ್ತು. ಬ್ಯಾಟರಿ ಆರಿಸಿದೆ. ಉಕ್ಕಿನ ತೋಳಿಗೆ ಬೆನ್ನು ಒರಗಿಸಿ, ಕಾಲು ಚಾಚಿ ಕೂತೆ.

"ಇನ್ನೂ ನಡೀತಿದೆ ಅನ್ನಿ."