ಗಳುವಿನ ಮೇಲಿನ ಕೆಂಪು ಸೀರೆ

ಟಕ್ ಎಂದು ಒಂದೇ ಒಂದು ಸದ್ದು. ಬಿದಿರು ಕಲ್ಲಿಗೆ ತಾಗಿದ ಸದ್ದು. ಗಂಟೆ ಹನ್ನೆರಡು ದಾಟಿತ್ತು. ಎದುರು ಮನೆಯ ವೀಣೆ ನಿಂತು, ಮೂಲೆಮನೆಯ ಪತ್ರಿಕೆಯವರ ವಾದವೂ ಮುಗಿದು, ಬಸವನಗುಡಿಯ ಆ ಬೀದಿಯಲ್ಲಿ ಆಷಾಢದ ಗಾಳಿಯೊಂದೇ ಎಚ್ಚರವಾಗಿತ್ತು. ಮಹಾನಂದ ಹಾಸಿಗೆಯಲ್ಲಿ ಎದ್ದು ಕೂತಳು. ಪಕ್ಕದಲ್ಲಿ ಗಂಡ ಚಂದ್ರಶೇಖರಯ್ಯ ಗೊರಕೆ ಹೊಡೆಯುತ್ತಿದ್ದರು. ಹಿಂದಿನ ಬಿಸಿಲುಮಚ್ಚಿನಲ್ಲಿ ಏನೋ ಬಿದ್ದಿದೆ ಎಂದು ಅವಳಿಗೆ ಗೊತ್ತಾಯಿತು. ಏನು ಬಿದ್ದಿದೆ ಎಂದೂ ಗೊತ್ತಾಯಿತು. ಗೊತ್ತಾಗದಿದ್ದರೆ ಚೆನ್ನಾಗಿತ್ತು.

ಈ ಮಹಡಿಗೆ ಬಂದು ಮೂರು ತಿಂಗಳಾಗಿತ್ತು. ಅದಕ್ಕೆ ಮೊದಲು ಆರು ವರ್ಷ ಉಪ್ಪಾರಪೇಟೆಯ ವಠಾರದಲ್ಲಿ ಒಂದೂವರೆ ಕೋಣೆ. ಹನ್ನೊಂದು ಸಂಸಾರಕ್ಕೆ ಒಂದು ಕೊಳಾಯಿ. ಅಲ್ಲಿಯೇ ಅವಳ ಹೆಣ್ಣುಮಗು ವಿಷಮಜ್ವರದಲ್ಲಿ ಹೋಯಿತು. ನೀರಿನಿಂದ ಬಂದದ್ದು ಎಂದು ಡಾಕ್ಟರು ಹೇಳಿದ್ದರು. ಈಗ ಅವಳು ಮತ್ತೆ ಬಸುರಿ, ಐದು ತಿಂಗಳು ತುಂಬಿತ್ತು. ವಿಮಾ ಕಂಪನಿಯಲ್ಲಿ ಗಂಡನಿಗೆ ಬಡ್ತಿ ಸಿಕ್ಕಿದ್ದೇ ತಡ, ಇಡೀ ಮಹಡಿಯನ್ನೇ ಬಾಡಿಗೆಗೆ ಹಿಡಿದಿದ್ದರು. ನಾಲ್ಕು ಕೋಣೆ, ಹೂಬಳ್ಳಿಯ ಚಿತ್ತಾರದ ನೆಲ, ಬಣ್ಣದ ಗಾಜಿನ ಕಿಟಕಿ, ಎಲ್ಲಕ್ಕಿಂತ ಹೆಚ್ಚಾಗಿ ಮಹಡಿಯಲ್ಲೇ ಸ್ವಂತ ಕೊಳಾಯಿ. ಮೊದಲ ದಿನ ಅವಳು ನಲ್ಲಿ ತಿರುಗಿಸಿ, ನೀರು ಬೀಳುವುದನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದಳು.

ಮನೆಯ ಯಜಮಾನಿ ಭಾಗೀರಥಮ್ಮ ಕಿರಿಮಗ ಬದರೀನಾರಾಯಣನ ಜೊತೆ ಕೆಳಗಿದ್ದರು. ಎಪ್ಪತ್ತು ವರ್ಷದ, ಕೆಂಪು ಸೀರೆಯ ಮಡಿಹೆಂಗಸು.

"ನಮ್ಮೋರಿಗೇ ಕೊಡಬೇಕು ಅಂತಿದ್ದೆ," ಎಂದಿದ್ದರು ಮನೆ ತೋರಿಸಿದ ದಿನ. "ಹೋಗ್ಲಿ, ನೀವು ಲಿಂಗ ಕಟ್ಟೋ ಜನ. ಬೆಳ್ಳುಳ್ಳಿ ಒಂದು ಬಿಟ್ರೆ ಬೇರೇನೂ ದೋಷ ಇಲ್ಲ."

"ಕಮ್ಮಿ ಮಾಡ್ತೀನಿ ಅಮ್ಮ."

"ಬಿಟ್ಬಿಡ್ತೀನಿ ಅನ್ಲಿಲ್ಲ ನೋಡು. ಬಿ.ಎ. ಓದಿದ್ರೂ ಸುಳ್ಳು ಹೇಳೋದು ಕಲ್ತಿಲ್ಲ ನೀನು." ಆಮೇಲೆ ಹಿಂದಿನ ಬಿಸಿಲುಮಚ್ಚಿಗೆ ಕರೆದೊಯ್ದು, ತಗಡಿನ ಮಾಡಿನ ಕೆಳಗೆ ಎತ್ತರದಲ್ಲಿ ಹಗ್ಗದಿಂದ ಇಳಿಬಿಟ್ಟಿದ್ದ ಬಿದಿರ ಗಳುವನ್ನು ತೋರಿಸಿದ್ದರು. "ಕೆಳಗೆ ಗಾಳಿ ಬೆಳಕಿಲ್ಲ. ನನ್ನ ಮಡಿಬಟ್ಟೆ ಇಲ್ಲೇ ಒಣಗಬೇಕು. ಒಗೆದು ಹಾಕಿದ್ದನ್ನ ನಾನು ಸ್ನಾನ ಮಾಡಿ ಬಂದು ಕೋಲಲ್ಲಿ ತೆಗೀತೀನಿ. ಮಧ್ಯೆ ಇನ್ನೊಬ್ಬರ ಕೈ ತಾಗಬಾರದು. ತಾಗಿದ ದಿನ ಮನೆ ಖಾಲಿ ಮಾಡ್ಬೇಕು. ಆಯ್ತಾ?"

"ಆಯ್ತಮ್ಮ," ಎಂದಿದ್ದಳು ಮಹಾನಂದ.

ಈಗ ಹಾಸಿಗೆಯಿಂದೆದ್ದು ಹಿಂದಿನ ಬಾಗಿಲು ತೆರೆದಳು. ಗಳುವಿನ ಒಂದು ಕಡೆಯ ಹಗ್ಗ ಕಿತ್ತುಹೋಗಿ, ತುದಿ ಕಲ್ಲಿಗೆ ಬಂದು ನಿಂತಿತ್ತು. ಕೆಂಪು ಸೀರೆ ಜಾರಿ ಹೋಗಿ ತೂಬಿನ ಬಾಯಲ್ಲಿ ಕೊಚ್ಚೆ ನೀರು ಕುಡಿಯುತ್ತಿತ್ತು. ಬೆಳಗಾದರೆ ಭಾಗೀರಥಮ್ಮನ ಹಿರಿಮಗ ರಾಮಸ್ವಾಮಿಯ ವರ್ಷದ ತಿಥಿ. ಚಿತ್ರ ಬರೆಯುತ್ತಿದ್ದವನು, ಈ ಮಹಡಿಯಲ್ಲೇ ಇದ್ದವನು. ಮುಂದಿನ ಕೋಣೆಯ ನೆಲದಲ್ಲಿ ಎಷ್ಟು ಉಜ್ಜಿದರೂ ಹೋಗದ ನೀಲಿ ಹನಿಗಳು ಅವನವೇ. ಬೊಂಬಾಯಿಯ ಯಾವುದೋ ಲಾಡ್ಜಿನಲ್ಲಿ ತೀರಿಕೊಂಡಿದ್ದ. ಅವನ ತಿಥಿಯ ಅಡುಗೆಗೆ ಮುದುಕಿ ಉಡಬೇಕಾದ ಸೀರೆ ಇದು. ಬಟ್ಟೆಗೂ ರೇಷನ್ ಕಾರ್ಡು ಬಂದಿದ್ದ ಕಾಲ. ಇನ್ನೊಂದು ಮಡಿಸೀರೆ ಹರಿದು ತಿಂಗಳಾಗಿತ್ತು.

ಎಬ್ಬಿಸಬೇಕೇ? ಭಾಗೀರಥಮ್ಮ ಚಳಿಜ್ವರದಿಂದ ಎದ್ದು ಒಂದು ವಾರವೂ ಆಗಿರಲಿಲ್ಲ. ಎಬ್ಬಿಸಿದರೆ ಈ ಹೊತ್ತಿನಲ್ಲೇ ಬಾವಿಯ ತಣ್ಣೀರು ಸುರಿದುಕೊಳ್ಳುತ್ತಾರೆ, ಸೀರೆ ಒಗೆಯುತ್ತಾರೆ, ಒದ್ದೆಯನ್ನೇ ಸುತ್ತಿಕೊಂಡು ಒಲೆಯ ಮುಂದೆ ಕೂರುತ್ತಾರೆ. ಹಾಗೇ ಬಿಟ್ಟರೂ ನಾಲ್ಕು ಗಂಟೆಗೆ ಅದೇ ಗತಿ. ಮಹಾನಂದ ಮೊದಲು ಕೋಲಿನಿಂದ ಎತ್ತಲು ನೋಡಿದಳು. ನೆನೆದ ಸೀರೆ ಜಾರಿ ಜಾರಿ ಬಿತ್ತು. ಕೊನೆಗೆ ಎರಡೂ ಕೈಯಲ್ಲಿ ಬಾಚಿಕೊಂಡಳು. ತನ್ನ ಕೊಳಾಯಿಯ ಕೆಳಗೆ ಹಿಡಿದು ಕೊಚ್ಚೆ ಹೋಗುವಂತೆ ಜಾಲಿಸಿ, ಹಿಂಡಿ, ಹಗ್ಗ ಬಿಗಿದು, ಮೊದಲಿದ್ದ ಹಾಗೆಯೇ ಹರವಿದಳು. ಮಲಗಿದ ಮೇಲೂ ಅಂಗೈಯಲ್ಲಿ ಆ ಬಟ್ಟೆಯ ತಣುಪು ಹೋಗಲಿಲ್ಲ.

ನಸುಕಿನಲ್ಲಿ ಭಾಗೀರಥಮ್ಮ ಹಿಂದಿನ ಮೆಟ್ಟಿಲು ಹತ್ತಿ ಬಂದರು. "ಇನ್ನೂ ಹಸಿ. ಹಾಳು ಆಷಾಢ," ಎಂದು ಗೊಣಗಿಕೊಂಡು, ಕೋಲಿನಿಂದ ಸೀರೆ ತೆಗೆದುಕೊಂಡು ಇಳಿದರು. ಮಹಾನಂದ ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

ಮಧ್ಯಾಹ್ನ ಬ್ರಾಹ್ಮಣರ ಊಟವಾದ ಮೇಲೆ ಬದರೀನಾರಾಯಣ ಕಾಗೆಯ ಪಿಂಡವನ್ನು ಬಾಳೆಲೆಯಲ್ಲಿ ತಂದು ಬಿಸಿಲುಮಚ್ಚಿನ ಗೋಡೆಯ ಮೇಲಿಟ್ಟ. ಕಾಕಾ ಎಂದು ಕೂಗಿದ. ಒಂದು ಕಾಗೆ ಬಂತು. ಗೋಡೆಯ ತುದಿಯಲ್ಲಿ ಕೂತು, ಕತ್ತು ಓರೆ ಮಾಡಿ ನೋಡಿ ಹಾರಿಹೋಯಿತು. ಮತ್ತೆ ಯಾವುದೂ ಬರಲಿಲ್ಲ. ಗಂಟೆ ಎರಡಾಯಿತು, ಮೂರಾಯಿತು.

"ಈ ಗಾಳೀಲಿ ಕಾಗೆ ಎಲ್ಲಿಂದ ಬರತ್ತಮ್ಮ, ಊಟಕ್ಕೆ ಏಳು," ಎಂದ ಬದರೀನಾರಾಯಣ.

"ಅವನು ತಿನ್ನದೆ ನಾನು ತಿನ್ಲಾ? ನಿನಗೆ ಹಸಿವಾದ್ರೆ ಹೋಗಿ ತಿನ್ನು."

ಅವನು ಹೋದ. ಭಾಗೀರಥಮ್ಮ ಗೋಡೆಗೊರಗಿ ನೆಲದ ಮೇಲೆ ಕೂತರು. ಮಹಾನಂದ ಬಾಗಿಲಲ್ಲಿ ನಿಂತೇ ಇದ್ದಳು. ಮುದುಕಿ ಅವಳ ಕಡೆ ತಿರುಗದೆ ಮಾತಾಡಿದರು.

"ಅವನು ಮನೆ ಬಿಟ್ಟ ದಿನ ನಾನೇನಂದೆ ಗೊತ್ತಾ? ಕೆಲಸ ಬಿಟ್ಟು ಬಣ್ಣ ಬಳೀತಾ ಕೂತಿದ್ದ. ನನ್ನ ಕೈ ಅನ್ನ ಇನ್ನು ನಿನಗಿಲ್ಲ, ಹೋಗು ಅಂದೆ. ಹೋದ. ಇವತ್ತು ಕರೆದ್ರೂ ಮುಟ್ಟಲ್ಲ ಅಂತಾನೆ."

"ಹಾಗಲ್ಲ ಅಮ್ಮ."

"ಮತ್ತೆ ಹೇಗೆ? ದಿನ ಸರಿ ಇದೆ, ಅಡುಗೆ ಸರಿ ಇದೆ, ಮಡಿ ಸರಿ ಇದೆ. ಉಳಿದಿರೋದು ನಾನೊಬ್ಬಳೇ ಅಲ್ವಾ?"

ಮಡಿ ಸರಿ ಇಲ್ಲ ಅಮ್ಮ. ಅಷ್ಟೇ ಮಾತು. ಅದು ಮಹಾನಂದಳ ನಾಲಿಗೆಯ ತುದಿಗೆ ಬಂದು ನಿಂತಿತು. ಕಾಗೆಯಲ್ಲಿ ಅವಳಿಗೆ ನಂಬಿಕೆ ಇರಲಿಲ್ಲ. ಆದರೆ ಈ ತಾಯಿಗೆ ಇತ್ತು. ಹೇಳಿಬಿಟ್ಟರೆ ತಪ್ಪೆಲ್ಲ ತನ್ನೆರಡು ಕೈಗೆ ಬರುತ್ತದೆ, ಇವರ ಮಗ ಇವರಿಗೆ ಸಿಗುತ್ತಾನೆ. ಹಿಂದೆ ಬಚ್ಚಲಿನಲ್ಲಿ ಸರಿಯಾಗಿ ನಿಲ್ಲಿಸದ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊಟ್ಟೆಯೊಳಗೆ ಮಗು ಮಿಸುಕಿತು. ವಠಾರದ ಕೊಳಾಯಿಯ ಮುಂದಿನ ಪಾಚಿ ಅವಳ ಕಣ್ಣಿಗೆ ಕಟ್ಟಿತು.

"ಗಾಳಿ ಜಾಸ್ತಿ ಇದೆ ಅಮ್ಮ. ಅದಕ್ಕೇ ಬಂದಿಲ್ಲ," ಎಂದಳು.

ಭಾಗೀರಥಮ್ಮ ಆಗ ಅವಳ ಮುಖ ನೋಡಿದರು. "ನನ್ನ ಸಮಾಧಾನಕ್ಕೆ ಹೇಳ್ತಿದೀಯ. ನಿನಗೆ ಸುಳ್ಳು ಹೇಳೋಕೆ ಬರಲ್ಲಮ್ಮ." ಎಲೆಯನ್ನು ಮಡಿಸಿ ಎತ್ತಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹೋದರು. ಆ ರಾತ್ರಿ ಕೆಳಗೆ ಅಡುಗೆಮನೆಯ ದೀಪ ಹತ್ತಲಿಲ್ಲ.

ಚಂದ್ರಶೇಖರಯ್ಯ ಎಂಟಕ್ಕೆ ಬಂದು ಕೋಟು ಬಿಚ್ಚಿದರು. "ಕೆಳಗೆ ತಿಥಿ ಚೆನ್ನಾಗಾಯ್ತಾ? ಮುಖ ಯಾಕೆ ಹೀಗಿದೆ ನಿಂದು?"

ಇವರಿಗೆ ಹೇಳಬಹುದು. ಇವರು ನಗುತ್ತಾರೆ, ನಾಳೆ ಮೂಲೆಮನೆಯ ಪತ್ರಿಕೆಯವರ ಮುಂದೆ ಕಾಫಿ ಕುಡಿಯುತ್ತ ತಮಾಷೆಯಾಗಿ ಹೇಳುತ್ತಾರೆ. ನಗದೆ ಕೇಳಿದರೆ ಇನ್ನೂ ಕಷ್ಟ. ಆಗ ಅವಳು ಕೆಳಗಿಳಿದು ಹೋಗಿ ನಿಜ ಹೇಳಬೇಕಾಗುತ್ತದೆ.

"ನಿದ್ದೆ ಇಲ್ಲ, ಅಷ್ಟೆ. ಕೈಕಾಲು ತೊಳ್ಕೊಂಡು ಬನ್ನಿ," ಎಂದಳು ಮಹಾನಂದ. ಇವರಿಗೂ ಇಲ್ಲ, ಯಾರಿಗೂ ಇಲ್ಲ ಎಂದುಕೊಂಡಳು. ಹಿಂದಿನ ಬಾಗಿಲ ಅಗುಳಿ ಹಾಕಲು ಹೋದಾಗ ಗಳುವಿನ ಮೇಲೆ ಮತ್ತೆ ಒಗೆದು ಹಾಕಿದ ಸೀರೆ ತೊಟ್ಟಿಕ್ಕುತ್ತಿತ್ತು. ತಾನು ಬಿಗಿದಿದ್ದ ಹಗ್ಗದ ಗಂಟನ್ನು ಒಮ್ಮೆ ನೋಡಿ, ಅಗುಳಿ ಹಾಕಿದಳು.