ಬಿಟ್ಟಿದೆ

ಒಂದೇ ಮನೆಯಿಂದ ಮೂರು ಹಳೇ ವಾದ್ಯಗಳು ನಮ್ಮ ಅಂಗಡಿಗೆ ರಿಪೇರಿಗೆ ಬಂದವು. ಹಿಡಿಕೆ ತಿರುಗಿಸಿದರೆ ಹಾಡುವ ಆರ್ಗನ್, ರೆಕ್ಕೆ ಬಡಿಯುವ ಹಕ್ಕಿಯ ಪುಟ್ಟ ಡಬ್ಬಿ, ಮತ್ತೆ ಕೀಲಿ ಕೊಟ್ಟರೆ ತಾನೇ ನುಡಿಯುವ, ಇಬ್ಬರು ಹೊರಬೇಕಾದಷ್ಟು ಭಾರದ ಒಂದು ಕರಿ ಪೆಟ್ಟಿಗೆ. ಯಾವುದು ಮೊದಲು ಎಂಬುದಕ್ಕೇ ಜಗಳ ಶುರುವಾಯಿತು.

“ಕರಿದು ಮೊದಲು,” ಎಂದರು ಅಪ್ಪ. “ಯಾರೋ ಪೂರ್ತಿ ಕೀಲಿ ಕೊಟ್ಟಿದ್ದಾರೆ, ನಡುವೆ ಸಿಕ್ಕಿಕೊಂಡು ನಿಂತಿದೆ. ಸ್ಪ್ರಿಂಗ್ ಬಿಗಿಯಾಗೇ ಇದೆ. ಅಂಥದ್ದನ್ನ ಪಕ್ಕದಲ್ಲಿ ಇಟ್ಕೊಂಡು ಬೇರೆ ಕೆಲಸ ಮಾಡಬಾರದಮ್ಮ.” ಹೇಳುತ್ತಾ ಬಲಗೈಯನ್ನು ಮೇಜಿನ ಮೇಲಿಟ್ಟರು. ಆ ಕೈಗೆ ಮೂರೇ ಬೆರಳು. ಉಳಿದೆರಡನ್ನು ಇಂಥದ್ದೇ ಪೆಟ್ಟಿಗೆ, ನಾನಿನ್ನೂ ಶಾಲೆಯಲ್ಲಿದ್ದಾಗ, ತಿಂದುಹಾಕಿತ್ತು.

ಅಂದಿನಿಂದ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು. ಸ್ಪ್ರಿಂಗಿನ ಬಿಗುವನ್ನು ಪೂರ್ತಿ ಬಿಟ್ಟ ಮೇಲೆ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ‘ಬಿಟ್ಟಿದೆ’ ಎಂದು ಬರೆಯಬೇಕು; ಆ ಪದ ಕಾಣದೆ ಯಾರೂ ಒಂದು ಸ್ಕ್ರೂ ಕೂಡ ಬಿಚ್ಚುವಂತಿಲ್ಲ. ಈಗ ಬಿಚ್ಚುವವನು ನನ್ನ ತಮ್ಮ. ಮನೆ ನಡೆಯುವುದೇ ಅವನ ಹತ್ತು ಬೆರಳಿನಿಂದ.

ನನಗೋ ಮೂಗಿನ ತುದಿಯಲ್ಲೇ ಕೋಪ. “ಆ ಮನೆ ಯಜಮಾನಿ ಹಕ್ಕಿ ಹಕ್ಕಿ ಅಂತ ದಿನಕ್ಕೆ ಮೂರು ಸಲ ಫೋನ್ ಮಾಡಿ ತಲೆ ತಿನ್ನೋದು ನನಗೆ, ನಿಮಗಲ್ಲ. ಹಕ್ಕಿ ಮೊದಲು, ಆರ್ಗನ್ ಆಮೇಲೆ. ಕರಿದು ಈ ತಿಂಗಳು ಬೇಡವೇ ಬೇಡ!” ಎಂದೆ.

“ಅಕ್ಕ ಹೇಳಿದ ಮೇಲೆ ಮುಗೀತಪ್ಪ,” ಎಂದು ನಗುತ್ತಾ ತಮ್ಮ ಕೈ ತೊಳೆಯಲು ಹೋದ. ಅಪ್ಪ ನಗಲಿಲ್ಲ, ಎದ್ದು ಹಿತ್ತಲಿಗೆ ಹೋದರು. ನಾನು ಅದೇ ಸಿಟ್ಟಿನಲ್ಲಿ ಸೀಮೆಸುಣ್ಣ ತೆಗೆದುಕೊಂಡು ಡಬ್ಬಿಯ ಮೇಲೆ ‘ಒಂದು’, ಆರ್ಗನ್ ಮೇಲೆ ‘ಎರಡು’ ಎಂದು ಗೀಚಿದೆ. ಕರಿ ಪೆಟ್ಟಿಗೆಯ ಮೇಲೂ ಏನೋ ಗೀಚಿ, ಫೋನ್ ಬಡಿದುಕೊಳ್ಳುತ್ತಿದ್ದರಿಂದ ಮುಂದಿನ ಕೋಣೆಗೆ ಓಡಿದೆ.

“ಮತ್ತೆ ಆ ಕರಿ ಪೆಟ್ಟಿಗೆ ಏನಾಯ್ತು?” ಎಂದರು ಯಜಮಾನಿ.

“ಅದನ್ನ ಸದ್ಯಕ್ಕೆ ಬಿಟ್ಟಿದೆ.”

ನನ್ನ ಮಾತು ನನಗೇ ಕೇಳಿಸಿತು. ಅಯ್ಯೋ ದೇವರೇ, ಮುಚ್ಚಳದ ಮೇಲೂ ಅದನ್ನೇ ಬರೆದಿದ್ದೆ!

ಒಳಗಿನಿಂದ ತಮ್ಮನ ಖುಷಿಯ ದನಿ ಬಂತು. “ಅಪ್ಪಾ, ಬಂದು ನೋಡಿ! ಅಕ್ಕ ನಿಮ್ಮ ಮಾತಿಗೇ ಬಂದಿದ್ದಾಳೆ. ತಾನೇ ಸ್ಪ್ರಿಂಗ್ ಬಿಟ್ಟು ಬರೆದಿಟ್ಟಿದ್ದಾಳೆ.” ಹಿಂದೆಯೇ ತಟ್ಟೆಗೆ ಸ್ಕ್ರೂಗಳು ಒಂದೊಂದಾಗಿ ಬಿದ್ದ ಸದ್ದು.

ಫೋನ್ ಬಿಸಾಕಿ ಓಡಿದೆ. ತಮ್ಮ ಪೆಟ್ಟಿಗೆಯ ಮೇಲೆ ಬಾಗಿದ್ದ. ಸಿಕ್ಕಿಕೊಂಡಿದ್ದ ಹಲ್ಲುಚಕ್ರ ಆಗಲೇ ಸಡಿಲವಾಗಿತ್ತು. ಅದು ತಿರುಗದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದ. ಮುಖ ಬಿಳಿಚಿಕೊಂಡಿತ್ತು. ಚಕ್ರಕ್ಕೆ ಅಡ್ಡ ಕೊಡಲು ಅಪ್ಪ ಮರದ ಬೆಣೆ ಹಿಡಿದು ಬರುತ್ತಿದ್ದರು. ಇನ್ನು ನಾಲ್ಕೇ ಹೆಜ್ಜೆ. ಅಷ್ಟು ಹೊತ್ತು ಹಿಡಿದಿದ್ದರೆ ಸಾಕಿತ್ತು.

ನನ್ನ ಬಾಯಿಗಿಷ್ಟು ಬೆಂಕಿ ಬೀಳ, ಬಾಗಿಲಿನಿಂದಲೇ ಕಿರುಚಿದೆ: “ಬಿಡೋ ಅದನ್ನ!”

ಹುಟ್ಟಿದಾಗಿನಿಂದ ನನ್ನ ಮಾತು ಮೀರಿದವನಲ್ಲ. ಬಿಟ್ಟ. ಬೆರಳು ಹಿಂದಕ್ಕೆ ಬರುವ ಮೊದಲೇ ಚಕ್ರ ತಿರುಗಿತ್ತು.